ಹಳ್ಳಿಗೆ ಮೊದಲು ಲೋಕವನ್ನು ತಂದದ್ದು ಯಾವುದು: ರೇಡಿಯೋ, ಸಿನಿಮಾ, ಟಿವಿ?

ಅಗ್ರಹಾರದವನು: ಇದರಲ್ಲಿ ಚರ್ಚೆಗೇನಿದೆ? ರೇಡಿಯೋ. ಓದು ಬಾರದವರೂ ಹಾಲು ಕರೆಯುತ್ತಲೇ ಪ್ರದೇಶ ಸಮಾಚಾರ ಕೇಳುತ್ತಿದ್ದರು. ದೇಶದ ಮೊದಲ ಖಾಸಗಿ ಬಾನುಲಿ ಕೇಂದ್ರ ಹುಟ್ಟಿದ್ದೂ ಮೈಸೂರಿನಲ್ಲೇ, 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ.

ಟೂರಿಂಗ್ ಟಾಕೀಸ್: ‘ಓದು ಬಾರದವರೂ’ ಎಂದಿರಿ. ಸಿನಿಮಾ ನೋಡಲು ಪದವಿ ಬೇಕಿತ್ತೇ? ‘ಸತಿ ಸುಲೋಚನ’ 1934ರಲ್ಲೇ ಕನ್ನಡ ಮಾತನಾಡಿತ್ತು. ನಮ್ಮೂರ ಟೆಂಟಿನ ಮೈಕಿನಲ್ಲಿ ದೇವರ ಹಾಡು ಕೇಳಿಸಿದರೆ ಸಾಕು, ಮೂರು ಊರಿನ ಹೆಂಗಸರು ಒಲೆ ಆರಿಸಿ ಹೊರಡುತ್ತಿದ್ದರು. ಮುಂದೆ ಕೂತವರ ತಲೆ ಅಡ್ಡ ಬಂದರೆ ಮರಳನ್ನೇ ಗುಡ್ಡೆ ಮಾಡಿಕೊಂಡು ಕೂರುವುದು.

ಎಡದಂಡೆ: ನಿಮ್ಮ ಲೋಕ ಮೈಸೂರು ಸೀಮೆಯಲ್ಲೇ ಮುಗಿಯುತ್ತದೆ. 1975ರ ಸೈಟ್ (SITE, ಉಪಗ್ರಹದ ಮೂಲಕ ಟಿವಿ ಶಿಕ್ಷಣ) ಪ್ರಯೋಗದಲ್ಲಿ ಅಮೆರಿಕದ ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂತು. ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಲ್ಲಿ ತಂತಿಜಾಲರಿಯ ಛತ್ರಿಯಂಥ ಆಂಟೆನಾ ನೆಟ್ಟಾಗ ಬೆಂಗಳೂರಿಗೇ ದೂರದರ್ಶನ ಇರಲಿಲ್ಲ.

ಹಳೇ ವಾಲ್ವ್: ‘ಮೊದಲ ಖಾಸಗಿ’? 1924ರಲ್ಲೇ ಮದ್ರಾಸಿನ ರೇಡಿಯೋ ಕ್ಲಬ್ ಪ್ರಸಾರ ಮಾಡಿತ್ತು. ಮೈಸೂರಿನವರಿಗೆ ಎಲ್ಲವೂ ಮೊದಲು.

ಅಗ್ರಹಾರದವನು: ಕ್ಲಬ್ ಎಂದರೆ ಸಂಘ, ಖಾಸಗಿ ಎಂದರೆ ಸ್ವಂತದ್ದು. ‘ಆಕಾಶವಾಣಿ’ ಎಂಬ ಹೆಸರನ್ನೂ ಗೋಪಾಲಸ್ವಾಮಿಯವರೇ ಇಟ್ಟರು. ದಿಲ್ಲಿ ಅದನ್ನು ಆಮೇಲೆ ಎತ್ತಿಕೊಂಡಿತು.

ಹಳೇ ವಾಲ್ವ್: ಹೆಸರು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ ಎಂದು ನಿಮ್ಮೂರಿನವರೇ ಹೇಳುತ್ತಾರೆ.

ಅಗ್ರಹಾರದವನು: ಸೂಚಿಸುವುದು ಬೇರೆ, ಇಡುವುದು ಬೇರೆ. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದ ಮಾತ್ರಕ್ಕೆ ಮಗು ಅವಳದಾಗುವುದಿಲ್ಲ.

ಹಳೇ ವಾಲ್ವ್: ಜಗಳ ಹೆಸರಿನದು ಸ್ವಾಮಿ, ಮಗುವಿನದಲ್ಲ. ಉಪಮೆ ಕೊಟ್ಟು ನೀವೇ ಸೋತಿರಿ.

ಅಗ್ರಹಾರದವನು: ಸೋಲು ಗೆಲುವು ಹೇಳಲು ತಾವು ಯಾರು?

ಎಡದಂಡೆ: 2,400 ಹಳ್ಳಿ ಎಂದೆ. ಯಾರಿಗಾದರೂ ಕೇಳಿಸಿತೇ?

ಟೂರಿಂಗ್ ಟಾಕೀಸ್: ಕೇಳಿಸಿತು. ಒಂದೇ ವರ್ಷಕ್ಕೆ ಆ ಪ್ರಯೋಗ ಮುಗಿಯಿತು ಎಂಬುದನ್ನು ಮಾತ್ರ ನೀವು ಹೇಳಲಿಲ್ಲ. ಅದೂ ತುರ್ತುಪರಿಸ್ಥಿತಿಯ ವರ್ಷ. ಅದು ಸಂವಹನವೋ, ಸರ್ಕಾರಿ ಡಂಗುರವೋ?

ಎಡದಂಡೆ: ‘ಡಂಗುರ’ವೇ? ಸಿನಿಮಾಕ್ಕೆ ಮುಂಚೆ ಸರ್ಕಾರದ ಸುದ್ದಿಚಿತ್ರ ಹಾಕುವುದು ಕಡ್ಡಾಯವಾಗಿತ್ತು. ನೀವು ಆಗ ಬೀಡಿ ಸೇದಲು ಹೊರಗೆ ಹೋಗಿದ್ದಿರಬೇಕು.

ಟೂರಿಂಗ್ ಟಾಕೀಸ್: ನಾನು ಬೀಡಿ ಸೇದುವುದಿಲ್ಲ.

ಅಗ್ರಹಾರದವನು: ಸೋದರತ್ತೆಯ ವಿಷಯ ಇನ್ನೂ ಮುಗಿದಿಲ್ಲ. ಆ ಕೇಂದ್ರಕ್ಕೆ ಕೈಯಿಂದ ದುಡ್ಡು ಹಾಕಿದವರು ಯಾರು, ವಾಲ್ವ್ ಅವರೇ?