ಸೂಪಿನಲ್ಲಿ ಮೀನಿದೆಯಾ ಅಂತ ಮಗಳೇ ಕೇಳಿದಳು

ಮಕ್ಕಳನ್ನು ಕರೆದುಕೊಂಡು ಹೊರಗೆ ಊಟಕ್ಕೆ ಹೋಗುವ ವಿಷಯ ಇಲ್ಲಿ ಆಗಾಗ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ವಾರ ಮಗಳಿಗೆ ಹತ್ತು ತುಂಬಿತು. ದೊಡ್ಡ ಹೋಟೆಲೊಂದರ ಜಪಾನಿ ರೆಸ್ಟೋರೆಂಟಿಗೇ ಹೋಗಬೇಕು ಅಂತ ಅವಳ ಹಟ. ಅತ್ತೆಯವರು, ಐದು ವರ್ಷದ ಮಗ, ನಾವಿಬ್ಬರು, ಎಲ್ಲ ಹೊರಟೆವು. ನಾವು ಸಸ್ಯಾಹಾರಿಗಳು. ಮೆನುವಿನಲ್ಲಿ ತರಕಾರಿ ಟೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು), ಹುದುಗಿಸಿದ ಸೋಯಾ ಮುದ್ದೆಯ ಮಿಸೊ ಸೂಪ್, ಸೋಯಾ ಹಾಲಿನ ತೋಫು ಎಲ್ಲ ಇದೆಯಲ್ಲ, ಸಾಕು ಅಂದುಕೊಂಡು ಏನೂ ವಿಚಾರಿಸದೆ ಟೇಬಲ್ ಮಾತ್ರ ಬುಕ್ ಮಾಡಿದ್ದೆ. ತಪ್ಪಾಗಿದ್ದು ಅಲ್ಲೇ.

ಆರ್ಡರ್ ಹೇಳುವಾಗ ಮಗಳು ನೇರವಾಗಿ "ಸೂಪಿನಲ್ಲಿ ಮೀನಿದೆಯಾ?" ಅಂದಳು. ಅಂಥ ಜಾಗದಲ್ಲಿ ಅಷ್ಟು ಜೋರಾಗಿ ಕೇಳಿದಳಲ್ಲ ಅಂತ ನನಗೆ ಮುಜುಗರವಾಗಿ "ಸುಮ್ನಿರು" ಅಂದುಬಿಟ್ಟೆ. ಬಡಿಸುವಾಕೆ ಮಾತ್ರ ನಕ್ಕು, ಇದೆ ಅಂದರು.

ದಾಶಿ ಅಂತ ಒಂದು ತಿಳಿಯಾದ ರಸ. ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು, ಕೊಂಬು ಅನ್ನುವ ಕಡಲಪಾಚಿಯ ಜೊತೆ ಹಾಕಿ ತೆಗೆಯುತ್ತಾರೆ. ಮಿಸೊ ಸೂಪಿನ ಬುಡದಲ್ಲಿ ಇರುವುದು ಅದೇ. ಟೆಂಪುರಾ ಅದ್ದಿಕೊಳ್ಳುವ ಸಾಸ್, ಕರಿದ ತೋಫು ಮೇಲೆ ಸುರಿಯುವ ರಸ, ಇನಾರಿ ಸುಶಿಗೆ ಅನ್ನ ತುಂಬುವ ತೋಫು ಚೀಲ ಬೇಯಿಸುವ ನೀರು, ಎಲ್ಲದರಲ್ಲೂ ಸಾಮಾನ್ಯವಾಗಿ ಅದೇ. ಟೆಂಪುರಾ ಹಿಟ್ಟಿಗೆ ಮೊಟ್ಟೆ ಕೂಡ ಹಾಕುತ್ತಾರೆ. ಇಂಥ ಸಾಸ್, ರಸಗಳಿಗೆ ಹಾಕುವ ಮಿರಿನ್ ಅಂದರೆ ಅಕ್ಕಿಯ ಸಿಹಿ ಮದ್ಯ. ಮೀನು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ!

ಹಾಗಂತ ಅವರಲ್ಲಿ ಸಸ್ಯಾಹಾರ ಇಲ್ಲ ಅಂತಲ್ಲ. ಜಪಾನಿನ ಬೌದ್ಧ ಮಠಗಳಲ್ಲಿ ಶೋಜಿನ್ ರ್‍ಯೋರಿ ಅನ್ನುವ ಅಡುಗೆ ನೂರಾರು ವರ್ಷಗಳಿಂದ ಇದೆ, ಅದರಲ್ಲಿ ದಾಶಿಯನ್ನು ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದಲೇ ಮಾಡುತ್ತಾರೆ. ಕೊಂಬುವಿನ ಆ ರುಚಿಗೆ ಕಾರಣ ಗ್ಲುಟಮೇಟ್ ಅನ್ನುವ ಅಂಶ ಅಂತ 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಕಂಡುಹಿಡಿದು, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಆ ರೆಸ್ಟೋರೆಂಟಿನ ಅಡುಗೆಯವರು ಇಪ್ಪತ್ತು ನಿಮಿಷ ಸಮಯ ಕೇಳಿಕೊಂಡು, ನಮಗಾಗಿ ಬರೀ ಕೊಂಬು, ಅಣಬೆ ಹಾಕಿದ ಸೂಪ್ ಮಾಡಿಕೊಟ್ಟರು. ಮೊಟ್ಟೆಯಿಲ್ಲದ ಹಿಟ್ಟು ಬೇರೆ ಕಲಸಿ, ಟೆಂಪುರಾಗೆ ಸಾಸ್ ಬದಲು ಉಪ್ಪು ಕೊಟ್ಟರು. ಕಪ್ಪಾ ಮಾಕಿ ಅನ್ನುವ ಸೌತೆಕಾಯಿಯ ಸುಶಿ ಸುರುಳಿ ಮಕ್ಕಳಿಗೆ ಎಷ್ಟು ತಂದರೂ ಸಾಲಲಿಲ್ಲ.

ಚಾಪ್‌ಸ್ಟಿಕ್ ಹಿಡಿಯಲು ಬರುವುದಿಲ್ಲ ಅಂತ ಅತ್ತೆಯವರು ಊಟವನ್ನೇ ಮುಟ್ಟದೆ ಕೂತಿದ್ದರು. ಸುಶಿಯನ್ನು ಕೈಯಲ್ಲಿ ತಿನ್ನಬಹುದು, ಸೂಪಿನ ಬಟ್ಟಲನ್ನು ಎತ್ತಿ ಕುಡಿಯಬಹುದು ಅಂತ ಗೊತ್ತಾದ ಮೇಲೆ ನೆಮ್ಮದಿಯಾಗಿ ಉಂಡರು. ಅಷ್ಟರಲ್ಲಿ ಮಗ ಅನ್ನದೊಳಗೆ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ಇಟ್ಟ. ಬಡಿಸುವಾಕೆ ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟು, ಹಾಗೆ ಇಡುವುದು ಸತ್ತವರಿಗೆ ಅನ್ನ ಇಡುವಾಗ ಅಂದರು. ಒಬ್ಬರ ಚಾಪ್‌ಸ್ಟಿಕ್ಕಿನಿಂದ ಇನ್ನೊಬ್ಬರದಕ್ಕೆ ತಿಂಡಿ ದಾಟಿಸಲೂ ಬಾರದು, ಅಲ್ಲಿ ದಹನದ ನಂತರ ಮೂಳೆಗಳನ್ನು ಎತ್ತುವುದು ಹಾಗೆ. ಅವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಆಮೇಲೆ ತಾನಾಗಿಯೇ ಅಡ್ಡ ಇಟ್ಟ.

ವಾಪಸ್ ಬರುವಾಗ ಕಾರಿನಲ್ಲಿ ಮಗಳು "ಅಮ್ಮಾ, ನಂಗ್ಯಾಕೆ ಸುಮ್ನಿರು ಅಂದೆ?" ಅಂತ ಕೇಳಿದಳು. ನಾವು ಏನು ತಿನ್ನುತ್ತೇವೆ ಅಂತ ಹೇಳಿಕೊಳ್ಳುವುದಕ್ಕೆ ನಾನೇ ಹಿಂಜರಿದೆ, ತಪ್ಪು ನನ್ನದು ಅಂದೆ. ಮುಂದಿನ ತಿಂಗಳು ಅವರಪ್ಪನ ಹುಟ್ಟುಹಬ್ಬಕ್ಕೆ ಮತ್ತೆ ಅಲ್ಲಿಗೇ ಹೋಗುತ್ತೇವೆ. ಹಿಂದಿನ ದಿನವೇ ಫೋನ್ ಮಾಡಿ ಕೇಳಲು ದಾಶಿ, ಮೊಟ್ಟೆ, ಮಿರಿನ್ ಅಂತ ಅವಳೇ ಚೀಟಿ ಬರೆದಿಟ್ಟಿದ್ದಾಳೆ.