ಹಳಿ ಪಕ್ಕಕ್ಕೆ ಮಾತ್ರ ಯಾಕೆ ಗ್ರೀಸ್ ಹಚ್ತಾರೆ?

ಮಲ್ಲೇಶ್ವರಂ_ಅಪ್ಪ:
ಭಾನುವಾರ ಮಗಳ ಜೊತೆ ಫುಟ್ ಓವರ್‌ಬ್ರಿಡ್ಜ್ ಮೇಲೆ ನಿಂತು ರೈಲು ನೋಡ್ತಿದ್ದೆ, ಕೆಳಗಡೆ ತಿರುವಲ್ಲಿ ಕಿತ್ತಳೆ ಜಾಕೆಟ್ ಹಾಕಿದ್ದ ಇಬ್ರು ಡಬ್ಬದಿಂದ ಕಪ್ಪು ಗ್ರೀಸ್ ತಗೊಂಡು ಬ್ರಷ್‌ನಲ್ಲಿ ಹಳಿಗೆ ಬಳೀತಾ ಹೋಗ್ತಿದ್ರು. ಒಂದೇ ಹಳಿಗೆ, ಅದೂ ಒಳಗಡೆ ಮಗ್ಗುಲಿಗೆ, ಮೇಲ್ಗಡೆ ಒಂಚೂರು ತಾಗಿದ್ರೂ ಬಟ್ಟೆಲಿ ಒರೆಸ್ತಿದ್ರು. "ಚಕ್ರ ಓಡೋದು ಮೇಲ್ಗಡೆ ತಾನೆ, ಪಕ್ಕಕ್ಕೆ ಯಾಕಪ್ಪಾ" ಅಂದ್ಲು, ನಂಗೆ ಉತ್ತರ ಹೇಳೋಕೆ ಆಗ್ಲಿಲ್ಲ. ಕಿರ್ರ್ ಅನ್ನೋ ಶಬ್ದ ಕಮ್ಮಿ ಮಾಡೋಕಾ? ಗೊತ್ತಿರೋರು ಹೇಳಿ ಪ್ಲೀಸ್.

ಗ್ಯಾಂಗ್‌ಮನ್_ಮಗ:
ನಮ್ಮಪ್ಪ ಇದೇ ಕೆಲಸ ಮಾಡಿದೋರು ಸಾರ್, ಆ ಗ್ರೀಸ್ ವಾಸನೆ ಎಷ್ಟು ಒಗೆದ್ರೂ ಅವರ ಬಟ್ಟೆ ಬಿಡ್ತಿರ್ಲಿಲ್ಲ. ಮಗಳು ಸರಿಯಾಗೇ ಕೇಳಿದಾಳೆ. ಕಾರಲ್ಲಿ ಡಿಫರೆನ್ಷಿಯಲ್ ಇರತ್ತೆ, ತಿರುವಲ್ಲಿ ಹೊರಗಿನ ಚಕ್ರ ಜೋರಾಗಿ ತಿರುಗತ್ತೆ, ರೈಲಲ್ಲಿ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿಯಾಗಿ ಕೂತಿರತ್ತೆ. ನಮ್ಮ ಬ್ರಾಡ್‌ಗೇಜ್, ಅಂದ್ರೆ ಎರಡು ಹಳಿ ನಡುವಿನ ಅಂತರ, 1676 ಮಿ.ಮೀ., ಲೈನು ಕಾಲು ಸುತ್ತು ತಿರುಗಿದ್ರೆ ಹೊರಗಿನ ಹಳಿ ಎರಡೂವರೆ ಮೀಟರ್‌ಗಿಂತ ಜಾಸ್ತಿ ಉದ್ದ ಆಗೋಗತ್ತೆ, ಅದನ್ನ ಸರಿದೂಗಿಸೋಕೆ ಚಕ್ರದ ಮೈಯನ್ನ 20ಕ್ಕೆ 1ರಷ್ಟು ಓರೆ ಮಾಡಿರ್ತಾರೆ, ತಿರುವಲ್ಲಿ ಹೊರಗಿನ ಚಕ್ರ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳತ್ತೆ. ಎರಡು ಪೇಪರ್ ಟೀ ಕಪ್ ಬಾಯಿಗೆ ಬಾಯಿ ಸೇರಿಸಿ ಟೇಪ್ ಸುತ್ತಿ ಎರಡು ಕೋಲಿನ ಮೇಲೆ ಉರುಳಿಸಿ ತೋರ್ಸಿ, ತಾನಾಗೇ ನಡುವಿಗೆ ಬರತ್ತೆ.
ಆದ್ರೆ ತಿರುವು ಬಿಗಿಯಾದ್ರೆ ಈ ಓರೆ ಸಾಲಲ್ಲ, ಹೊರಗಿನ ಚಕ್ರದ ಫ್ಲ್ಯಾಂಜ್ (ಚಕ್ರದ ಒಳ ಅಂಚಲ್ಲಿ ಎದ್ದಿರೋ ಏಣು) ಹಳಿ ಮಗ್ಗುಲಿಗೆ ಒತ್ಕೊಂಡು ಉಜ್ಕೊಂಡೇ ಹೋಗತ್ತೆ. ಗ್ರೀಸ್ ಬೇಕಾಗೋದು ಅಲ್ಲೇ. ಅದು ಒಣಗಿದ್ರೆ ಹಳಿ ಬುಡದಲ್ಲಿ ಹೊಳೆಯೋ ಕಬ್ಬಿಣದ ಪುಡಿ ಬಿದ್ದಿರತ್ತೆ, ಅಪ್ಪ ಬೆರಳಲ್ಲಿ ಎತ್ತಿ ತೋರಿಸಿದ್ರು. ತುಂಬಾ ಸವೆದ್ರೆ ಎಡ ಬಲ ಹಳಿ ಅದಲು ಬದಲು ಮಾಡ್ಬೇಕು, ಮೀಟರ್‌ಗೆ 60 ಕೆಜಿ ತೂಗೋ ಹಳಿ ಸಾರ್, ಎತ್ತಿದೋರಿಗೇ ಗೊತ್ತು ಆ ಕಷ್ಟ.

ಕಿಟಕಿ_ಸೀಟು:
ಶಬ್ದದ ಬಗ್ಗೆ ಒಂದು ಮಾತು. ಆ ಕಿವಿ ಸೀಳೋ ಕಿರ್ರ್ ಬಹುಪಾಲು ತಿರುವಿನ ಒಳಗಿನ ಹಳಿಯಿಂದ ಬರೋದು, ಗ್ರೀಸ್ ಹಚ್ಚೋ ಹಳಿಯಿಂದ ಅಲ್ಲ. ಚಕ್ರ ಅಡ್ಡಕ್ಕೆ ಒಂಚೂರು ಜಾರತ್ತೆ, ಕಚ್ಕೊಳತ್ತೆ, ಮತ್ತೆ ಜಾರತ್ತೆ, ಸೆಕೆಂಡಿಗೆ ನೂರಾರು ಸಾವಿರಾರು ಸಲ, ಬೋರ್ಡ್ ಮೇಲೆ ಸೀಮೆಸುಣ್ಣ ಕಿರುಚತ್ತಲ್ಲ ಹಾಗೆ. ಅದಕ್ಕೆ ಹಳಿ ಮೇಲ್ಗಡೆ ಹಾಕೋಕೇ ಫ್ರಿಕ್ಷನ್ ಮಾಡಿಫೈಯರ್ ಅಂತ ಬೇರೆ ಇದೆ, ಅದರಲ್ಲಿರೋ ನೀರು ಆರಿದ ಮೇಲೆ ತೆಳು ಪದರ ಉಳಿದು ಘರ್ಷಣೆಯ ಗುಣಾಂಕವನ್ನ 0.35ರ ಹತ್ರ ಹಿಡಿದಿಡತ್ತೆ. ಗ್ರೀಸ್ ಅದಕ್ಕಿಂತ ತುಂಬಾ ಕೆಳಗೆ ಇಳಿಸಿಬಿಡತ್ತೆ, ಬ್ರೇಕ್ ಹಾಕಿದ್ರೂ ಗಾಡಿ ನಿಲ್ಲಲ್ಲ, ಅವರು ಒರೆಸ್ತಿದ್ದಿದ್ದು ಅದಕ್ಕೇ.

ಮಲ್ಲೇಶ್ವರಂ_ಅಪ್ಪ:
ಕಪ್ ಉರುಳಿಸಿದ್ವಿ!! ಬೇಕು ಅಂತಲೇ ಪಕ್ಕಕ್ಕಿಟ್ರೂ ವಾಲಾಡ್ಕೊಂಡು ನಡುವಿಗೆ ಬಂತು, ಮಗಳು ಬಿಡ್ತಾನೇ ಇಲ್ಲ. ಇಬ್ರಿಗೂ ಥ್ಯಾಂಕ್ಸ್. ಈಗ ಅವಳ ಇನ್ನೊಂದು ಪ್ರಶ್ನೆ, ಮಳೇಲಿ ಹಳಿ ಮೇಲ್ಗಡೆಯೇ ನೆನೆದಿರತ್ತಲ್ಲ, ಆಗ?

ಘಾಟ್_ಲೈನ್:
ಮಂಗಳೂರು ಕಡೆ ಹೋಗೋವಾಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ತೋರ್ಸಿ ಅವಳಿಗೆ. 55 ಕಿ.ಮೀ., 57 ಸುರಂಗ, 50 ಮೀಟರ್‌ಗೆ 1 ಮೀಟರ್ ಇಳಿಜಾರು, ಮಲೆನಾಡಿನ ಮಳೆ ಬೇರೆ. ಅಲ್ಲಿ ಹಳಿ ಮಗ್ಗುಲಿಗೆ ಜಾರೋದು ಬೇಕು, ಮೇಲ್ಗಡೆ ಹಿಡಿತ ಬೇಕು, ಎರಡೂ ಒಂದೇ ಹಳಿಲಿ. ಚಕ್ರ ಜಾರಿದ್ರೆ ಡ್ರೈವರ್ ಮರಳು ಬಿಡ್ತಾರೆ, ಇಂಜಿನ್‌ನಲ್ಲಿ ಮರಳಿನ ಪೆಟ್ಟಿಗೆ ಇರತ್ತೆ, ಚಕ್ರದ ಮುಂದೆ ಹಳಿ ಹತ್ರದವರೆಗೂ ಇಳಿದಿರೋ ಪೈಪಿಂದ ಗಾಳಿ ಒತ್ತಡದಲ್ಲಿ ಬಂದು ಬೀಳತ್ತೆ. ಪ್ಲಾಟ್‌ಫಾರ್ಮ್‌ನಲ್ಲಿ ಇಂಜಿನ್ ನಿಂತಾಗ ಬಗ್ಗಿ ನೋಡಿದ್ರೆ ಆ ಪೈಪ್ ಕಾಣತ್ತೆ. ಮರಳು ಮಾತ್ರ ಚೆನ್ನಾಗಿ ಒಣಗಿರ್ಬೇಕು, ಹಸಿ ಇದ್ರೆ ಪೈಪಲ್ಲೇ ಗಟ್ಟಿ ಕಟ್ಕೊಳತ್ತೆ.