‘ಕುಟುಂಬ ಚಿಕಿತ್ಸೆ’ ಸರಿಹೋಗುತ್ತದೆಯೇ? ಫ್ಯಾಮಿಲಿ ಥೆರಪಿಯ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಒಂದು ಸಮಾಲೋಚನಾ ಕೇಂದ್ರಕ್ಕೆ ಫ್ಯಾಮಿಲಿ ಥೆರಪಿ (ಒಬ್ಬರನ್ನೇ ಅಲ್ಲ, ಇಡೀ ಮನೆಯನ್ನು ಗಮನದಲ್ಲಿಟ್ಟು ಮಾತುಕತೆಯಿಂದ ತೊಂದರೆ ಬಿಡಿಸುವ ಪದ್ಧತಿ) ಬಗ್ಗೆ ಪುಟ್ಟ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಓದುವವರು ವೈದ್ಯರಲ್ಲ, ಅಲ್ಲಿಗೆ ಬರುವ ಮನೆಮಂದಿ. ಪದಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ನಿಘಂಟಿನಲ್ಲಿ ಸಿಗುವ ಪದಗಳು ಬಾಯಿಗೆ ಹತ್ತುತ್ತಿಲ್ಲ. ಬಾಯಲ್ಲಿರುವ ಪದಗಳಿಗೆ ಆಗಲೇ ಬೇರೆ ಅರ್ಥ ಅಂಟಿಕೊಂಡಿದೆ. ನಿಮ್ಮ ಸಲಹೆ ಬೇಕು.

ಮೊದಲು ಹೆಸರಿನದೇ ತಕರಾರು. ‘ಕುಟುಂಬ ಚಿಕಿತ್ಸೆ’ ಅಂದ ಕೂಡಲೇ ರೋಗಿ ಯಾರು ಎಂಬ ಪ್ರಶ್ನೆ ಏಳುತ್ತದೆ. ಈ ಥೆರಪಿ ಹುಟ್ಟಿದ್ದೇ ಆ ಪ್ರಶ್ನೆಯನ್ನು ಬದಿಗೆ ಸರಿಸಲು. ನಮ್ಮೂರಿನ ಆಸ್ಪತ್ರೆಗಳಲ್ಲಿ ಒಬ್ಬರು ಪೇಷೆಂಟು, ಜೊತೆಗೆ ಬಂದವರು ‘ಅಟೆಂಡರ್’. ಇಲ್ಲಿ ಅಟೆಂಡರ್ ಎಂಬ ಪಾತ್ರವೇ ಇಲ್ಲ. ಬಂದವರೆಲ್ಲ ಒಳಗಿನವರೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೂ ಆವರಣದಲ್ಲೇ ಟೆಂಟ್ ಹಾಕಿಸಿ ಉಳಿಸಿಕೊಂಡಿದ್ದರು. ಅದೇ ದಶಕದಲ್ಲಿ ಅಮೆರಿಕದಲ್ಲಿ ಮನೋವೈದ್ಯ ಮರ್ರೆ ಬೋವೆನ್ ಇಡೀ ಕುಟುಂಬಗಳನ್ನೇ ವಾರ್ಡಿನಲ್ಲಿ ಇರಿಸಿಕೊಂಡು ಗಮನಿಸಿದರು. ನಮ್ಮ ನಿಮ್ಹಾನ್ಸ್‌ನಲ್ಲೂ ಫ್ಯಾಮಿಲಿ ಸೈಕಿಯಾಟ್ರಿಗೆಂದೇ ಒಂದು ಕೇಂದ್ರವಿದೆ.

‘ಕೌನ್ಸೆಲಿಂಗ್’ ಎಂದು ಬಿಡೋಣ ಅಂದರೆ, ಬೆಂಗಳೂರಿನ ಅರ್ಧ ಮನೆಗಳಿಗೆ ಅದು ಸಿಇಟಿ ಸೀಟಿನ ವಿಷಯ. ‘ಕುಟುಂಬ’ ಪದದಲ್ಲೂ ತೊಡಕಿದೆ. ಹಳಬರ ಮಾತಿನಲ್ಲಿ ‘ನಮ್ಮ ಕುಟುಂಬ’ ಅಂದರೆ ಹೆಂಡತಿ. ‘ಮನೆಯವರು’ ಅಂದರೆ ಗಂಡ, ಕೆಲವೊಮ್ಮೆ ಹೆಂಡತಿ. ಎಲ್ಲರನ್ನೂ ಒಟ್ಟಿಗೆ ಹಿಡಿಯುವ ಪದ ‘ಮನೆಮಂದಿ’ ಒಂದೇ ಅನಿಸುತ್ತದೆ. ಹಾಗಾಗಿ ಹೆಸರನ್ನು ‘ಫ್ಯಾಮಿಲಿ ಥೆರಪಿ’ ಎಂದೇ ಉಳಿಸಿ, ಒಳಗಿನ ವಿವರಣೆಯಲ್ಲಿ ‘ಮನೆಮಂದಿ’ ಬಳಸುವುದು ನನ್ನ ಒಲವು.

ನಿಜವಾದ ಕಷ್ಟ ಇದರ ನಂತರ ಶುರುವಾಗುತ್ತದೆ. ಫ್ಯಾಮಿಲಿ ಥೆರಪಿ ಒಂದೇ ದಾರಿಯಲ್ಲ. ಒಂದೊಂದು ಪಂಥವೂ ಮನೆಯನ್ನು ಒಂದೊಂದು ರೀತಿ ನೋಡುತ್ತದೆ. ಎಲ್ಲಕ್ಕೂ ಒಂದೇ ಪದಪಟ್ಟಿ ಮಾಡಿದರೆ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಬೋವೆನ್ ಅವರದನ್ನೇ ತೆಗೆದುಕೊಳ್ಳಿ. ಅವರು ತಲೆಮಾರುಗಳನ್ನು ನೋಡುತ್ತಾರೆ. ಅವರ ಮುಖ್ಯ ಮಾತು ಡಿಫರೆನ್ಶಿಯೇಷನ್. ಅದನ್ನು ‘ಬೇರೆಯಾಗುವುದು’ ಎಂದು ಬರೆದರೆ ಕೆಲಸ ಕೆಟ್ಟಿತು. ನಮ್ಮಲ್ಲಿ ‘ಅಣ್ಣತಮ್ಮಂದಿರು ಬೇರೆಯಾದರು’ ಅಂದರೆ ಪಾಲಾಯಿತು, ಒಲೆ ಎರಡಾಯಿತು ಅಂತ. ಬೋವೆನ್ ಹೇಳುವುದು ಹೆಚ್ಚುಕಡಿಮೆ ಇದರ ಉಲ್ಟಾ. ಮನೆಯವರ ಜೊತೆಗೇ ಇದ್ದು, ಅವರ ಸಿಟ್ಟು ಆತಂಕಗಳಲ್ಲಿ ಕೊಚ್ಚಿಹೋಗದೆ, ತನ್ನ ಬುದ್ಧಿಯಿಂದ ಯೋಚಿಸುವುದು. ಮಾತು ಬಿಟ್ಟು ದೂರ ಹೋಗುವುದನ್ನು ಅವರು ಬಿಡುಗಡೆ ಎಂದು ಒಪ್ಪುವುದಿಲ್ಲ. ಅದಕ್ಕೆ ‘ಕಟ್‌ಆಫ್’ ಎಂಬ ಬೇರೆ ಹೆಸರನ್ನೇ ಇಟ್ಟಿದ್ದಾರೆ. ಡಿಫರೆನ್ಶಿಯೇಷನ್‌ಗೆ ‘ತನ್ನತನ ಉಳಿಸಿಕೊಳ್ಳುವುದು’ ಹೇಗೆ?

ಈ ಪಂಥದಲ್ಲೇ ಬಳಕೆಗೆ ಬಂದ ಜೀನೋಗ್ರಾಮ್ ಇನ್ನೊಂದು. ಮೂರು ತಲೆಮಾರಿನವರನ್ನು ಒಂದು ಹಾಳೆಯಲ್ಲಿ ಬರೆಯುತ್ತಾರೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಯಾರು ಯಾರಿಗೆ ಹತ್ತಿರ, ಎಲ್ಲಿ ಜಗಳ ಎಂದು ಗೆರೆಗಳಲ್ಲಿ ತೋರಿಸುತ್ತಾರೆ. ‘ವಂಶವೃಕ್ಷ’ ಎನ್ನಬಹುದಿತ್ತು. ಆದರೆ ವಂಶವೃಕ್ಷ ಅಂದರೆ ಜನಕ್ಕೆ ನೆನಪಾಗುವುದು ನಾಡಕಚೇರಿ, ಪೌತಿ ಖಾತೆ. ಆಸ್ತಿ ವಿಷಯ ಯಾಕೆ ಕೇಳ್ತಿದ್ದಾರೆ ಅಂತ ಮಾವನವರು ಮುಖ ಗಂಟು ಹಾಕಿಕೊಂಡರೆ ಆಶ್ಚರ್ಯವಿಲ್ಲ. ‘ಸಂಬಂಧಗಳ ನಕ್ಷೆ’ ಎಂದರೆ ತಪ್ಪು ತಿಳಿವಳಿಕೆ ಕಡಿಮೆ.

ಬೋವೆನ್ ಅವರ ‘ಟ್ರಯಾಂಗಲ್’ಗೆ ಮಾತ್ರ ಕನ್ನಡದಲ್ಲಿ ತಯಾರಾದ ಮಾತಿದೆ. ‘ತ್ರಿಕೋನ’ ಬೇಡ, ಅದು ಪ್ರೇಮಕ್ಕೆ ಮೀಸಲು. ಗಂಡಹೆಂಡಿರ ನಡುವೆ ಬಿಗುವಾದಾಗ ಮೂರನೆಯವರನ್ನು ಸೇರಿಸಿಕೊಂಡು ಉಸಿರಾಡುವುದು ಇದರ ಅರ್ಥ. ‘ಪುಟ್ಟಾ, ನಿಮ್ಮಪ್ಪಂಗೆ ಊಟಕ್ಕೆ ಬರ್ಬೇಕಂತೆ ಅಂತ ಹೇಳು’ ಎಂಬ ಮಾತು ಕೇಳದ ಮನೆ ಯಾವುದು? ಆ ಪುಟ್ಟ ದೊಡ್ಡವನಾದ ಮೇಲೆ ‘ನನ್ನನ್ನ ಮಧ್ಯಕ್ಕೆ ಎಳೀಬೇಡಿ’ ಅನ್ನುತ್ತಾನೆ. ‘ಮಧ್ಯಕ್ಕೆ ಎಳೆಯುವುದು’. ಇದಕ್ಕಿಂತ ಚೆನ್ನಾದ ಪದ ನನಗಂತೂ ಬೇಡ.

ಸಾಲ್ವಡಾರ್ ಮಿನುಚಿನ್ ಅವರ ಸ್ಟ್ರಕ್ಚರಲ್ ಪಂಥದ ವಿಷಯದಲ್ಲಿ ನಾನು ಹೆಚ್ಚು ತಿಣುಕಿದ್ದೇನೆ. ಬೋವೆನ್ ಹಳೆಯದನ್ನು ಕೆದಕಿದರೆ, ಇವರು ಕೋಣೆಯಲ್ಲಿ ಈಗ ಯಾರ ಪಕ್ಕ ಯಾರು ಕೂತಿದ್ದಾರೆ ಎಂದು ನೋಡುತ್ತಾರೆ. ಮನೆಯ ಜಗಳವನ್ನು ಅಲ್ಲೇ, ತಮ್ಮೆದುರಿಗೇ ಆಡಿಸಿ, ಕುರ್ಚಿ ಬದಲಿಸಿ ಕೂರಿಸುತ್ತಾರೆ. 1974ರಲ್ಲಿ ಬಂದ ಅವರ ಪುಸ್ತಕದಲ್ಲಿ ‘ಬೌಂಡರಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಪ್ಪ ಅಮ್ಮನ ಜೋಡಿ, ಮಕ್ಕಳ ಗುಂಪು, ಅಜ್ಜ ಅಜ್ಜಿ. ಇವರ ನಡುವಿನ ಗೆರೆ ಅದು. ‘ಗಡಿ’ ಅಂದರೆ ಬೆಳಗಾವಿ ಕಣ್ಣ ಮುಂದೆ ಬರುತ್ತದೆ. ‘ಬೇಲಿ’ ದಾಯಾದಿಗಳ ಪದ. ‘ಮಿತಿ’ ಸೊಸೆಯಂದಿರಿಗೆ ಕೊಡುವ ಎಚ್ಚರಿಕೆ: ‘ನಿನ್ನ ಮಿತೀಲಿ ನೀನಿರು’. ನನ್ನ ಮತ ‘ಹೊಸ್ತಿಲು’ ಪದಕ್ಕೆ. ಹೊಸ್ತಿಲನ್ನು ದಾಟಬಹುದು, ಆದರೆ ದಾಟುತ್ತಿದ್ದೇವೆ ಎಂದು ಗೊತ್ತಿರುತ್ತದೆ. ಮಿನುಚಿನ್ ಕೇಳುವ ಬೌಂಡರಿಯೂ ಅಂಥದ್ದೇ. ಗೋಡೆಯೂ ಅಲ್ಲ, ಬಯಲೂ ಅಲ್ಲ. ‘ಹೊಸ್ತಿಲು ದಾಟಿದವಳು’ ಎಂಬ ಮಾತಿನ ಕಹಿ ಇದಕ್ಕೂ ಹತ್ತುತ್ತದೆಯೇನೋ ಎಂಬ ಅನುಮಾನವಿದೆ. ಹೆಣ್ಣುಮಕ್ಕಳು ಏನಂತೀರಿ?

ಈ ಗೆರೆ ತೀರಾ ಗಟ್ಟಿಯಾದರೆ ಮನೆ ‘ಡಿಸ್‌ಎಂಗೇಜ್ಡ್’. ಅದಕ್ಕೆ ‘ತಮ್ಮ ಪಾಡಿಗೆ ತಾವು’ ಸೊಗಸಾಗಿ ಹೊಂದುತ್ತದೆ. ತೀರಾ ಅಳಿಸಿಹೋದರೆ ‘ಎನ್‌ಮೆಶ್ಡ್’. ಇದಕ್ಕೆ ಪದ ಸಿಗುತ್ತಿಲ್ಲ. ‘ಗೋಜಲು’ ಅಂದರೆ ಬರೀ ಗೊಂದಲ. ‘ಹೆಣೆದುಕೊಂಡ’ ಅಂದರೆ ಕವಿತೆಯಾಯಿತು. ಅಸಲಿಗೆ ನಮ್ಮಲ್ಲಿ ಇದು ಹೊಗಳಿಕೆ, ಅಲ್ವಾ? ‘ಅವರ ಮನೇಲಿ ಎಲ್ಲಾ ಒಂದೇ ಜೀವ’ ಅಂತೀವಿ. ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನಲ್ಲಿ ಕೆಳಗೆ ಅಪ್ಪ ಅಮ್ಮ, ಮೇಲೆ ಮಗ ಸೊಸೆ. ಮೊಮ್ಮಗುವಿಗೆ ಊಟ ಕೆಳಗೆ, ನಿದ್ದೆ ಮೇಲೆ. ಇದನ್ನು ಕಾಯಿಲೆ ಅನ್ನುವ ಪದ ಹಾಕಿದರೆ ಅಜ್ಜಿ ಎದ್ದು ಹೋಗುತ್ತಾರೆ, ಹೋಗಲೂಬೇಕು. ಮಿನುಚಿನ್ ಅವರೇ ಇವು ನಡವಳಿಕೆಯ ಎರಡು ರೀತಿಗಳು, ಇವುಗಳಿಂದಲೇ ಮನೆ ಕೆಟ್ಟಿದೆ ಎಂದರ್ಥವಲ್ಲ ಎಂದು ಹೇಳಿದ್ದಾರೆ. ನಮ್ಮ ಪದವೂ ಬೈಗುಳವಾಗಬಾರದು.

ಇಟಲಿಯ ಮಿಲಾನ್ ಗುಂಪಿನದು ಬೇರೆಯೇ ಚಾಳಿ. ಮಾರಾ ಸೆಲ್ವಿನಿ ಪಲಜ್ಜೋಲಿ ಮತ್ತು ಜೊತೆಗಾರರು ಕುರ್ಚಿ ಬದಲಿಸುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಅದೂ ಒಬ್ಬರ ಬಗ್ಗೆ ಇನ್ನೊಬ್ಬರನ್ನು, ಅವರ ಎದುರಿಗೇ. ‘ಅಮ್ಮ ಮುನಿಸಿಕೊಂಡರೆ ಮೊದಲು ಗೊತ್ತಾಗುವುದು ಯಾರಿಗೆ? ಆಗ ಅಪ್ಪ ಏನು ಮಾಡುತ್ತಾರೆ?’ ಸರ್ಕ್ಯುಲರ್ ಕ್ವೆಶ್ಚನಿಂಗ್ ಅಂತ ಹೆಸರು. ‘ಸುತ್ತುಪ್ರಶ್ನೆ’ ಅಂದರೆ ಸುತ್ತಿಬಳಸಿ ಕೇಳಿದಂತೆ ಕಾಣುತ್ತದೆ. ‘ವೃತ್ತಾಕಾರದ ಪ್ರಶ್ನೆ’ ಗಣಿತದ ಪಾಠ. ಇನ್ನು ಅತ್ತೆಯ ಬಗ್ಗೆ ಸೊಸೆಯನ್ನು ಅತ್ತೆಯ ಎದುರೇ ಕೇಳಿದರೆ ಅವಳಿಗದು ಚಾಡಿ ಹೇಳಿಸಿದಂತೆ. ಪದಕ್ಕಿಂತ ಮೊದಲು ಒಂದು ವಾಕ್ಯದ ಪೀಠಿಕೆ ಬೇಕಾಗಬಹುದು.

ಈ ಗುಂಪು ‘ನ್ಯೂಟ್ರಾಲಿಟಿ’ಗೆ ಬಹಳ ಬೆಲೆ ಕೊಡುತ್ತದೆ. ‘ಮಧ್ಯಸ್ಥ’ ಎಂದರೆ ಪಂಚಾಯ್ತಿ ನೆನಪಾಗಿ, ತೀರ್ಪಿಗೆ ಕಾದು ಕೂರುತ್ತಾರೆ. ‘ಯಾರ ಪರವೂ ವಹಿಸದೆ’ ಸಾಕು. ಆದರೆ ಕನ್ನಡದಲ್ಲಿ ಪರ ವಹಿಸಲು ಒಂದು ಕರೆಯುವ ಮಾತು ಸಾಕಾಗುತ್ತದೆ. ಗಂಡನಿಗೆ ‘ನೀವು ಹೇಳಿ ಸಾರ್’, ಹೆಂಡತಿಗೆ ‘ನೀನು ಹೇಳಮ್ಮ’ ಅಂದರೆ ಅಲ್ಲಿಗೆ ಮುಗಿಯಿತು. ಇಂಗ್ಲಿಷಿನ ಒಂದೇ ‘ಯೂ’ ಇಟ್ಟುಕೊಂಡು ಬರೆದ ಪುಸ್ತಕಗಳಿಗೆ ಈ ಪೇಚಾಟವಿಲ್ಲ.

ಜೇ ಹೇಲಿ ಅವರ ಸ್ಟ್ರಾಟೆಜಿಕ್ ಪಂಥದಲ್ಲಿ ಥೆರಪಿಸ್ಟರೇ ಯೋಜನೆ ಹಾಕಿ, ಮನೆಯವರಿಗೆ ಇಂಥದ್ದು ಮಾಡಿ ನೋಡಿ ಎಂದು ಕೆಲಸ ಹೇಳುತ್ತಾರೆ. ಇದಕ್ಕೆ ‘ತಂತ್ರ’ ಬೇಡ, ಮಾಟಮಂತ್ರದ ವಾಸನೆ ಬರುತ್ತದೆ. ‘ಉಪಾಯ’ ಇರಲಿ. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆಸಿದ ಪರಿಹಾರ-ಕೇಂದ್ರಿತ ಪದ್ಧತಿಯಲ್ಲಿ ಒಂದು ‘ಮಿರಾಕಲ್ ಕ್ವೆಶ್ಚನ್’ ಇದೆ. ರಾತ್ರಿ ಮಲಗಿದ್ದಾಗ ತೊಂದರೆ ಮಾಯವಾಗಿದ್ದರೆ, ಬೆಳಗ್ಗೆ ನಿಮಗೆ ಅದು ಯಾವುದರಿಂದ ಗೊತ್ತಾಗುತ್ತದೆ ಎಂದು ಕೇಳುತ್ತಾರೆ. ‘ಪವಾಡ’ ಅಂದರೆ ಯಾವ ದೇವರಿಗೆ ಹರಕೆ ಹೊರಬೇಕು ಎಂದು ಯೋಚಿಸುತ್ತಾರೆ. ‘ಬೆಳಗಾಗೆದ್ದು ನೋಡಿದರೆ’ ಪ್ರಶ್ನೆ ಎಂದು ಬರೆದಿದ್ದೇನೆ.

ಕನ್ನಡಕ್ಕೆ ಸಲೀಸಾಗಿ ಒಗ್ಗಿದ್ದು ನ್ಯಾರೆಟಿವ್ ಪಂಥ. ಆಸ್ಟ್ರೇಲಿಯಾದ ಮೈಕೆಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಕಟ್ಟಿದ್ದು. ಮನುಷ್ಯನೇ ಸಮಸ್ಯೆಯಲ್ಲ, ಸಮಸ್ಯೆಯೇ ಸಮಸ್ಯೆ ಎಂಬುದು ಇದರ ತಿರುಳು. ಬಟ್ಟೆಯಲ್ಲೇ ಕಕ್ಕಸು ಮಾಡಿಕೊಳ್ಳುವ ಮಕ್ಕಳ ಜೊತೆ ವೈಟ್ ಮಾತಾಡುವಾಗ ಆ ತೊಂದರೆಗೊಂದು ತುಂಟ ಹೆಸರಿಟ್ಟು, ಅದನ್ನು ಹೇಗೆ ಸೋಲಿಸೋಣ ಎಂದು ಮನೆಮಂದಿಯನ್ನೆಲ್ಲ ಮಗುವಿನ ಕಡೆಗೆ ಸೇರಿಸುತ್ತಿದ್ದರು. ಕನ್ನಡದ ವಾಕ್ಯ ಈ ಕೆಲಸವನ್ನು ಆಗಲೇ ಮಾಡುತ್ತದೆ. ‘ನನಗೆ ಸಿಟ್ಟು ಬಂತು’, ‘ಅವಳಿಗೆ ಬೇಜಾರಾಗಿದೆ’. ಸಿಟ್ಟು ಎಲ್ಲಿಂದಲೋ ಬರುತ್ತದೆ, ಹೋಗುತ್ತದೆ. ಕೆಡುವುದು ‘ಸಿಡುಕ’, ‘ಸೋಮಾರಿ’, ‘ಕುಡುಕ’ ಎಂದಾಗ. ‘ಅವನೊಬ್ಬ ಕುಡುಕ’ ಎನ್ನುವುದಕ್ಕೂ ‘ಅವನಿಗೆ ಕುಡಿತ ಹತ್ತಿಕೊಂಡಿದೆ’ ಎನ್ನುವುದಕ್ಕೂ ಎಷ್ಟು ಅಂತರ! ಹೊಡೆತಬಡಿತ ಇರುವ ಮನೆಯಲ್ಲಿ ಮಾತ್ರ ಇದು ನೆಪವಾಗಬಹುದು. ‘ಸಿಟ್ಟು ಬಂತು, ಕೈ ಎತ್ತಿಬಿಟ್ಟೆ’ ಅಂದವನಿಗೆ ಕೈ ಯಾರದು ಎಂದು ಕೇಳಲೇಬೇಕು.

ಹೀಗೆ ಸಮಸ್ಯೆಯನ್ನು ಮನುಷ್ಯನಿಂದ ಬೇರೆ ಮಾಡಿ ನೋಡುವುದಕ್ಕೆ ಇವರು ‘ಎಕ್ಸ್‌ಟರ್ನಲೈಸಿಂಗ್’ ಅನ್ನುತ್ತಾರೆ. ಅದಕ್ಕೆ ‘ಬಾಹ್ಯೀಕರಣ’ ಯಾರಿಗೂ ಬೇಡ. ‘ಹೊರಗಿಡುವುದು’ ಇನ್ನೂ ಕೆಟ್ಟದ್ದು. ಯಾರನ್ನು ಹೊರಗಿಡುತ್ತಿದ್ದೆವು, ಹೊರಗೆ ಕೂರಿಸುತ್ತಿದ್ದೆವು ಎಂಬುದೆಲ್ಲ ಅದರಲ್ಲಿದೆ. ‘ಬಿಡಿಸಿ ನೋಡುವುದು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ.

ಹಾಗಾಗಿ ನನಗೆ ಮುಖ್ಯವಾಗಿ ಬೇಕಾಗಿರುವುದು ‘ಎನ್‌ಮೆಶ್ಡ್’ ಪದಕ್ಕೆ ಒಂದು ಮಾತು. ಒಬ್ಬರ ಸಂಕಟ ಎಲ್ಲರ ಮೈಗೂ ಹತ್ತುವ, ಯಾರೂ ಒಂಟಿಯಾಗಿ ಒಂದು ನಿರ್ಧಾರ ಮಾಡಲಾಗದ ಮನೆಗೆ ಹುಬ್ಬಳ್ಳಿ ಧಾರವಾಡದ ಕಡೆ ಏನನ್ನುತ್ತಾರೆ? ಕುಂದಾಪುರ, ಮಂಗಳೂರಿನ ಕಡೆ? ಮೆಚ್ಚುಗೆಯೂ ಅಲ್ಲದ, ಬೈಗುಳವೂ ಅಲ್ಲದ ಪದವಿದ್ದರೆ ತಿಳಿಸಿ. ಹಾಗೇ ‘ಸರ್ಕ್ಯುಲರ್’ ಪ್ರಶ್ನೆಗೂ ಏನಾದರೂ ಹೊಳೆದರೆ ಬರೆಯಿರಿ. ‘ಹೊಸ್ತಿಲು’ ಬೇಡ ಅನಿಸಿದವರು ಯಾಕೆ ಬೇಡ ಎಂದೂ ಹೇಳಿ.